ಕಡಲ ದಂಡೆಯಲ್ಲಿ ತುಂಬಿದ ಉಡಿ

ನರೋಣಾ, ಆಳಂದ ತಾಲೂಕು
ಸೋಮವಾರ, ೧೩ ಮಾರ್ಚ್ ೨೦೨೩

ಪ್ರೀತಿಯ ಸುಶಾಂತಾ,

ನಿನ್ನ ಅಜ್ಜನ ಆಶೀರ್ವಾದ. ಆರಾಮ ಇದ್ದೀಯಾ? ನೀನು ಓದಲು ಹೋದ ಆ ಪರದೇಶದ ಬಾಗಿಯೊ ಬೆಟ್ಟದ ಚಳಿಗೆ ಹಿಡಿದಿದ್ದ ನೆಗಡಿ ಬಿಟ್ಟಿತೇ? ಡಾಕ್ಟರಾಗುವ ಹುಡುಗನಿಗೆ ನಾನು ಔಷಧಿ ಹೇಳಬಾರದು, ಆದರೂ ಮಲಗುವಾಗ ಕಿವಿಗೆ ಮಫ್ಲರ್ ಸುತ್ತಿಕೊ. ಇಲ್ಲಿ ನಾವು ಕ್ಷೇಮ. ನಿಮ್ಮವ್ವನ ಮೊಣಕಾಲು ನೋವು ಇಳಿದಿದೆ, ಮೆಟ್ಟಿಲು ಹತ್ತುವಾಗ ಮಾತ್ರ ನನ್ನನ್ನು ಬೈಯುತ್ತಾಳೆ, ಮೆಟ್ಟಿಲು ಕಟ್ಟಿಸಿದವನು ನಾನೇ ಅಲ್ಲವೇ. ಬಿಳಿಜೋಳದ ರಾಶಿ ಮುಗಿಯಿತು, ಕಾಳು ಮುತ್ತಿನಂತಿದೆ. ಎಮ್ಮೆ ಈದಿದೆ, ಹೆಣ್ಣುಗರು. ಬಿಸಿಲು ಹೋಳಿ ಹುಣ್ಣಿಮೆಗೆ ಮೊದಲೇ ಏರಿ ಕೂತಿದೆ. ಉಳಿದದ್ದು ನಿಮ್ಮಪ್ಪನ ಸಮಾಚಾರ. ಅದನ್ನು ಒಂದೆರಡು ಮಾತಿನಲ್ಲಿ ಹೇಳಲಾಗದೆಂದೇ ಈ ಕಾಗದ ಬರೆಯಲು ಕೂತಿದ್ದೇನೆ.

ಹೋಳಿ ಹುಣ್ಣಿಮೆಯ ದಿನ ನೀನು ನಿಮ್ಮವ್ವನಿಗೆ ಫೋನು ಮಾಡಿದೆ. ಜತೆಗೆ ಓದುವ ಆ ದೇಶದ ಹುಡುಗಿ ಮಾರಿಸೆಲ್ ನನಗೆ ಬಹಳ ಇಷ್ಟ, ಮದುವೆಯಾದರೆ ಅವಳನ್ನೇ ಆಗುತ್ತೇನೆ ಎಂದೆ. ಪಕ್ಕದಲ್ಲಿ ಹೋಳಿಗೆ ತಿನ್ನುತ್ತ ಕೂತಿದ್ದ ನಿಮ್ಮಪ್ಪ ಎಂಜಲು ಕೈಯಲ್ಲೇ ಫೋನು ಕಸಿದುಕೊಂಡು, "ನಿಮ್ಮ ಅತ್ತಿ ಅಕಿಗೆ ಉಡಿ ತುಂಬ್ಯಾಳ, ಮಗಳು ಅಂದಾಳ. ಅಲ್ಲಿಗೆ ಅಕಿ ನಿನಗ ತಂಗಿ ಆದ್ಲು. ಇನ್ನೊಮ್ಮಿ ಈ ಮಾತು ಎತ್ತಬ್ಯಾಡ" ಎಂದುಬಿಟ್ಟ. ನೀನು ಫೋನಿಟ್ಟೆ. ಅಂದಿನಿಂದ ನೀನು ಅವನಿಗೆ ಮಾಡಿಲ್ಲ, ಅವನು ನಿನಗೆ ಮಾಡಿಲ್ಲ. ನಾನು ಮಾಡಿದರೆ "ಹೂಂ ಅಜ್ಜ, ಆರಾಮ ಅಜ್ಜ" ಎಂದು ಇಟ್ಟುಬಿಡುತ್ತೀ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ, ಆಳಂದದಿಂದ ಜೇವರ್ಗಿಯ ತನಕ ನಿಂತ ಮಂದಿಗೆ ಕಥೆ ಹೇಳುತ್ತ ಬಂದವನು ನಾನು. ಫೋನಿನಲ್ಲಿ ನನ್ನ ಕಥೆ ಹಿಡಿಯುವುದಿಲ್ಲ. ನಿನ್ನ ಕ್ಲಾಸಿನ ಸಾಯಿರಾ, ಜೇವರ್ಗಿಯ ಲಾಡ್ಲೆಸಾಬರ ಮಗಳು, ಗುರುವಾರ ರಜೆ ಮುಗಿಸಿ ಹೊರಡುತ್ತಾಳಂತೆ. ಶೇಂಗಾ ಚಟ್ನಿಯ ಡಬ್ಬಿಯ ಸಂಗಡ ಇದನ್ನೂ ಅವಳ ಕೈಗೆ ಕೊಡುತ್ತೇನೆ. ಚಟ್ನಿ ಆಮೇಲೆ ತಿನ್ನು, ಮೊದಲು ಇದನ್ನು ಓದು.

ಈ ಕಥೆಯನ್ನು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ನಿನ್ನ ಅತ್ತಿ, ನನ್ನ ಹಿರೀಮಗಳು ವತ್ಸಲಾಬಾಯಿ. ಉಡಿ ತುಂಬಿದ್ದಷ್ಟನ್ನು ಅಲ್ಲಿಂದಲೇ ಫೋನಿನಲ್ಲಿ ಒಂದು ಮಾತು ತಿಳಿಸಿದ್ದಳು, ಪೂರ್ತಿ ಹೇಳಿದ್ದು ನಿನ್ನೆ ಭಾನುವಾರ ಸಂಜೆ, ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ. ಬಾಗಿಯೊದ ಹೂವಿನ ಹಬ್ಬ ನೋಡಲು ಬರ್ರಿ ಎಂದು ನೀನು ಎಲ್ಲರನ್ನೂ ಕರೆದಿದ್ದೆ. ನಿಮ್ಮಪ್ಪನಿಗೆ ಕಾಲೇಜಿನಲ್ಲಿ ಪರೀಕ್ಷೆ ನಡೆಸುವ ಕೆಲಸ, ನಿಮ್ಮವ್ವನಿಗೆ ಮೊಣಕಾಲು, ನಾನು ಬಸ್ಸಿನವನು, ವಿಮಾನ ಹತ್ತುವವನಲ್ಲ. ಕಡೆಗೆ ಹೊರಟು ನಿಂತವಳು ಸೊಲ್ಲಾಪುರದಾಚೆ ಎಂದೂ ಹೋಗದ ವತ್ಸಲಾ. ಅವಳ ಗಂಡ, ನಿಮ್ಮ ಅಫಜಲಪುರದ ಮಾಮಾ, ರೊಟ್ಟಿ ಸಿಗದ ದೇಶಕ್ಕೆ ಬರುವುದಿಲ್ಲವೆಂದು ಕೂತ. ಲಾಡ್ಲೆಸಾಬ ದಂಪತಿಗಳ ಜತೆ ಇವಳೊಬ್ಬಳೇ ಹೋಗಿ, ಬಂದು, ನಿನ್ನೆ ಸ್ಟ್ರಾಬೆರಿಯ ಜಾಮು, ಒಣಗಿದ ಮಾವಿನ ಹೋಳು, ಒಂದು ಚೀಲ ಸುದ್ದಿ ಹೊತ್ತುಕೊಂಡು ನರೋಣಾಕ್ಕೆ ಇಳಿದಳು. ನಿನ್ನ ಫೋನಿನ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ನಾವ್ಯಾರೂ ಹೇಳಿರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದು.

ಕಟ್ಟೆಯ ಮೇಲೆ ನಾನು, ನಿಮ್ಮಪ್ಪ ಅತುಲ, ನಿಮ್ಮವ್ವ ಮೈತ್ರೇಯಿ, ಪಕ್ಕದ ಮನೆಯ ಮದೀನಾಬಿ. ವತ್ಸಲಾ ವಿಮಾನದಿಂದ ಶುರು ಮಾಡಿದಳು. ಮದೀನಾಬಿ ಬಿಡಬೇಕಲ್ಲ! "ಏ ವತ್ಸಲಾ, ಇಮಾನದ್ದು ಬಿಡು ಬೇ. ಹಜ್‌ಗೆ ಹೋಗಾಗ ನಾನೂ ಕುಂತೀನಿ ಇಮಾನದಾಗ. ಹೂವಿಂದು ಹೇಳು" ಎಂದಳು. ಸಣ್ಣವರಿದ್ದಾಗ ಒಂದೇ ಹುಣಸೆಮರಕ್ಕೆ ಕಲ್ಲು ಹೊಡೆದ ಗೆಳತಿಯರು, ಇಬ್ಬರಿಗೂ ಇನ್ನೊಬ್ಬರ ಮಾತು ತುಂಡರಿಸುವ ಹಕ್ಕಿದೆ. ಸರಿ, ಹೂವಿಗೆ ಬಂದಳು. ನೀನು ಪಕ್ಕದಲ್ಲೇ ನಿಂತು ನೋಡಿದ್ದೀ, ಆದರೂ ನಿನ್ನ ಅತ್ತಿ ಕಂಡ ಹಾಗೆ ಒಮ್ಮೆ ನೋಡು. "ಭೂಸನೂರ ಫ್ಯಾಕ್ಟರಿಗಿ ಕಬ್ಬು ಹೇರ್ಕೊಂಡು ಹೋಗ್ತಾವಲ್ಲ, ಅಂಥಾ ಲಾರಿ ಬೇ! ಗಾಲಿ ಸುದ್ದಾ ಕಾಣಾಂಗಿಲ್ಲ, ಬರೇ ಹೂವು. ಹೂವಿನ ನವಿಲು, ಹೂವಿನ ಚಿಟ್ಟಿ, ಹೂವಿನ ಮನಿ. ಒಂದರ ಹಿಂದ ಒಂದು ಬರಾಕತ್ತಾವ, ಮುಗಿಯಂಗಿಲ್ಲ." ಸೂರ್ಯಕಾಂತಿಯ ವೇಷ ಹಾಕಿದ ಸಣ್ಣ ಹುಡುಗಿಯರು ಡೋಲಿನ ತಾಳಕ್ಕೆ ಸೊಂಟ ತಿರುಗಿಸುತ್ತ ಇಳಿಜಾರು ರಸ್ತೆಯಲ್ಲಿ ಬಂದರಂತೆ. ಮಾಳಿಗೆಗಳ ಮೇಲೆಲ್ಲ ಜನ. ನಮ್ಮಲ್ಲಿ ಬೆಂಕಿಯಂಥ ಬಿಸಿಲು ಶುರುವಾಗುವ ಹೊತ್ತಿನಲ್ಲಿ ಅಲ್ಲಿ ಸ್ವೆಟರು ಹಾಕಿಕೊಂಡು ಹೂವು ನೋಡುವುದು! ಲಾಡ್ಲೆಸಾಬರು ಬಾಯಿ ತೆರೆದು ನಿಂತವರು, "ಇಷ್ಟು ಹೂವು ನಮ್ಮ ಆಳಂದ ದರ್ಗಾಕ್ಕ ಒಯ್ದ್ರ ಎಷ್ಟು ಚಾದರ ಆಗ್ತಾವ್ರಿ ಬಾಯಾರ" ಎಂದು ಇವಳನ್ನು ಕೇಳಿದರಂತೆ.

ಆಮೇಲೆ ನಡೆದದ್ದನ್ನು ನಿನ್ನ ಅತ್ತಿ ಎದ್ದು ನಿಂತು ಹೇಳಿದಳು. ಹೂವಿನ ಲಾರಿಗಳು ಮುಂದೆ ಹೋದ ಹಾಗೆ ಗುಲಾಬಿ, ಸೇವಂತಿಗೆ ಉದುರಿ ರಸ್ತೆಯ ಮೇಲೆ ಬೀಳುತ್ತಿವೆ, ಹಿಂದೆ ಬರುವ ವಾದ್ಯದವರು ತುಳಿದುಕೊಂಡೇ ಬರುತ್ತಿದ್ದಾರೆ. ಇವಳಿಗೆ ಎದೆ ಧಸಕ್ ಎಂದಿತಂತೆ. ಹೂವು ತುಳಿಯುವುದನ್ನು ನೋಡುತ್ತ ನಿಲ್ಲುವವಳೇ ಅಲ್ಲ ಅವಳು, ಮನೆಯಲ್ಲಿ ಬಾಡಿದ ಮಾಲೆಯನ್ನೂ ಗಿಡದ ಬುಡಕ್ಕೆ ಇಡುವವಳು. ಕಟ್ಟಿದ ಹಗ್ಗ ಎತ್ತಿ ಒಳಗೆ ನುಗ್ಗಿ, ಸೆರಗು ಒಡ್ಡಿ ಆರಿಸತೊಡಗಿದಳು. ಪೊಲೀಸಿನವನು ಸೀಟಿ ಊದಿದ. ನೀನು "ಅತ್ತೀ, ಈ ಕಡಿ ಬಾ" ಎಂದು ಕೂಗಿದೆಯಂತೆ. ಆದರೆ ನಿನ್ನ ಪಕ್ಕದಲ್ಲಿದ್ದ ಹುಡುಗಿ ಕೂಗಲಿಲ್ಲ. ಹಗ್ಗದ ಕೆಳಗೆ ನುಸುಳಿ ಬಂದು ಇವಳ ಜತೆ ಬಗ್ಗಿ ತಾನೂ ಆರಿಸಿದಳು. ಪೊಲೀಸಿನವನಿಗೆ ತನ್ನ ಭಾಷೆಯಲ್ಲಿ ಏನೋ ಹೇಳಿದಳು, ಅವನು ನಕ್ಕು ಸುಮ್ಮನಾದ. ಸೆರಗು ತುಂಬಿದ ಮೇಲೆ, ಎಲ್ಲಿ ಸುರಿಯಲಿ ಎಂದು ಇವಳು ಕಣ್ಣಾಡಿಸುವಷ್ಟರಲ್ಲಿ ಕೈ ಹಿಡಿದು ಒಂದು ದೊಡ್ಡ ಪೈನ್ ಮರದ ಬುಡಕ್ಕೆ ಕರೆದೊಯ್ದಳು. "ಯಾಕ, ಏನು ಅಂತ ಒಂದು ಮಾತು ಕೇಳಲಿಲ್ಲ ನೋಡು ಮೈತ್ರೇಯಿ. ನಮ್ಮ ಹುಡುಗ್ರಾಗಿದ್ರ ಮೊದಲು ನಾಚಿಕಿ ಪಡ್ತಿದ್ರು, ಆಮ್ಯಾಲ ನನಗ ಬುದ್ಧಿ ಹೇಳ್ತಿದ್ರು" ಎಂದಳು ವತ್ಸಲಾ. "ಯಾರ ಬೇ ಅಕಿ?" ಎಂದಳು ಮದೀನಾಬಿ. "ಮಾರಿಸೆಲ್ ಅಂತ. ನಮ್ಮ ಸುಶಾಂತನ ಕ್ಲಾಸಿನ್ಯಾಕಿ. ನಮಗ ಊರು ತೋರಿಸಾಕ ಬಂದಿದ್ಲು." "ನಿಮಗ?" ಎಂದು ಮದೀನಾಬಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ನಾನು ಎಲೆಗೆ ಸುಣ್ಣ ಹಚ್ಚುತ್ತ ಕೂತೆ. ನಿಮ್ಮಪ್ಪ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ.

ಬೆಟ್ಟ ಇಳಿದು ಲಾ ಯೂನಿಯನ್ ಎಂಬ ಕಡಲ ಸೀಮೆಗೆ ನೀವೆಲ್ಲ ಹೋದಿರಲ್ಲ, ಆ ಹುಡುಗಿಯ ಊರಿಗೆ, ಅದೇ ಈ ಕಥೆಯ ಹೊಟ್ಟೆ. ತೆಂಗಿನ ಗಿಡದ ಕೆಳಗಿನ ಮನೆ, ಅಂಗಳದಲ್ಲಿ ಬಲೆ, ಹಗ್ಗದ ಮೇಲೆ ಒಣಹಾಕಿದ ಮೀನು. ನಮ್ಮ ವತ್ಸಲಾ ಬೆಳ್ಳುಳ್ಳಿಯ ವಾಸನೆಗೇ ಶ್ರಾವಣದಲ್ಲಿ ಮುಖ ತಿರುಗಿಸುವವಳು. ಮೂಗಿಗೆ ಸೆರಗು ಹಿಡಿದು, ಹೊರಗೇ ಕುಳಿತು ಚೀಲದಲ್ಲಿದ್ದ ರೊಟ್ಟಿ ಮುರಿಯಬೇಕೆಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದಳಂತೆ. ಆಗ ಹುಡುಗಿ ಒಂದು ಅಡುಗೆಯ ಪಾತೇಲಿ ತಂದು ಎದುರಿಗೆ ಹಿಡಿದಳು. ಹೊಸದು. ಅಂಗಡಿಯವನು ಅಂಟಿಸಿದ ಚೀಟಿಯನ್ನೂ ಕಿತ್ತಿರಲಿಲ್ಲ. ಮೀನು ತಾಗಿದ ಪಾತ್ರೆ ಅಲ್ಲವೆಂದು ಇವಳು ನಂಬಲಿ ಎಂದೇ ಬಿಟ್ಟಿದ್ದಳು. ಅದೇ ಪಾತೇಲಿಯಲ್ಲಿ ಅನ್ನ, ಆಮೇಲೆ ಬದನೆಕಾಯಿ, ಬೆಂಡೆಕಾಯಿ ಬೇಯಿಸಿ ಬಡಿಸಿದಳು. ಹುಡುಗಿಯ ಅಜ್ಜಿ ಪಕ್ಕದಲ್ಲಿ ಕೂತು ಇವಳ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳಂತೆ. ಅಪ್ಪ ದೋಣಿ ನಡೆಸುವವನು. ಅವ್ವ ಹಾಂಕಾಂಗಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ, ಈ ಹುಡುಗಿ ಸಣ್ಣವಳಿದ್ದಾಗಲೇ ಹೋದವಳು, ಎರಡು ವರ್ಷಕ್ಕೊಮ್ಮೆ ಬಂದರೆ ಬಂದಳು. "ಅವ್ವನ ಫೋಟೊ ಗ್ವಾಡಿಗಿ ಹಾಕ್ಯಾರ. ಅದರ ಮುಂದ ನಿಂತು ದಿನಾ ಮಾತಾಡಿ ಬೆಳದದ ಕೂಸು" ಎನ್ನುವಾಗ ವತ್ಸಲಾಳ ದನಿ ತುಸು ತಗ್ಗಿತು. ಮಗಳಿಲ್ಲದ ಅವ್ವ, ಅವ್ವ ದೂರ ಇರುವ ಮಗಳು.

ಇನ್ನು ಕಡಲು. ಹೊಳೆ ನೋಡಿ ಬೆಳೆದವಳ ಕಣ್ಣು ಮೊದಲು ಆಚೆ ದಂಡೆ ಹುಡುಕುತ್ತದೆ. "ಯವ್ವಾ, ಆ ಕಡಿ ದಂಡಿನೇ ಇಲ್ಲ ಬೇ" ಎಂದು ನಿನ್ನೆಯೂ ಕಣ್ಣರಳಿಸಿದಳು. ನಮ್ಮ ಭೀಮೆ ಕೃಷ್ಣೆಯನ್ನು ಸೇರಿ, ಕೃಷ್ಣೆ ಕಡಲನ್ನು ಸೇರಿ, ಸುತ್ತಿ ಬಳಸಿ ಒಂದು ಬೊಗಸೆಯಾದರೂ ಇಲ್ಲಿಗೆ ಬಂದಿರುತ್ತದೆಂದು ಲೆಕ್ಕ ಹಾಕಿ ಅರಿಶಿನ ಕುಂಕುಮ ಹಾಕಿದಳಂತೆ. ಹಲಗೆಯ ಮೇಲೆ ನಿಂತು ಅಲೆ ಏರುವ ಹುಡುಗರು ಪೂಜೆ ಮುಗಿಯುವ ತನಕ ದೂರ ನಿಂತು ದಾರಿ ಬಿಟ್ಟರಂತೆ. ಲಾಡ್ಲೆಸಾಬರು ಪೈಜಾಮ ಮೊಣಕಾಲಿಗೆ ಏರಿಸಿ, ಅಲೆ ಬಂದಾಗೊಮ್ಮೆ "ತೌಬಾ ತೌಬಾ" ಎಂದು ಹಿಂದಕ್ಕೆ ಓಡುವುದು, ಅಲೆ ಹೋದಾಗ ಧೈರ್ಯದಿಂದ ಮುಂದೆ ಬರುವುದು. ಅದನ್ನು ವತ್ಸಲಾ ಮಾಡಿ ತೋರಿಸಿದಾಗ ನಿಮ್ಮವ್ವ ನಕ್ಕು ನಕ್ಕು ಕಂಬ ಹಿಡಿದಳು. ಅಲ್ಲಿ ಕಡಲಲ್ಲಿ ಅಷ್ಟರಲ್ಲೇ ಒಂದು ಅಲೆ ವತ್ಸಲಾಳ ಚಪ್ಪಲಿ ಎಳೆದುಕೊಂಡು ಹೋಯಿತಂತೆ. ನೀನು ಮೊಬೈಲು ಹಿಡಿದು ಫೋಟೊ ತೆಗೆಯುತ್ತ ನಿಂತಿದ್ದೆ, ಭೂಪ. ಉಟ್ಟ ಬಟ್ಟೆಯಲ್ಲೇ ಎದೆಮಟ್ಟ ನೀರಿಗೆ ಇಳಿದು ಚಪ್ಪಲಿ ತಂದವಳು ಮಾರಿಸೆಲ್. "ಹಳೇ ಚಪ್ಪಲಿ ಬೇ ಮದೀನಾ! ಬಿಡು ಅಂದ್ರ ಕೇಳಲಿಲ್ಲ."

ಹೊಳ್ಳಿ ಬರುವ ದಿನ ಉಡಿ ತುಂಬಿದ್ದು ನಿನಗೆ ಗೊತ್ತೇ ಇದೆ. ನಮ್ಮ ಹೆಣ್ಣುಮಕ್ಕಳು ಯಾವ ದೇಶಕ್ಕೆ ಹೋದರೂ ಚೀಲದ ತಳದಲ್ಲಿ ಒಂದು ಖಣ, ಒಂದು ಹಿಡಿ ಅರಿಶಿನ ಕೊಂಬು ಇಟ್ಟೇ ಇರುತ್ತಾರೆ. ಅಕ್ಕಿ ಅವರ ಮನೆಯದೇ, ತೆಂಗಿನಕಾಯಿ ಅವರ ಗಿಡದ್ದೇ. ಹುಡುಗಿ ಪ್ಯಾಂಟು ತೊಟ್ಟಿದ್ದಳು, ಉಡಿ ಒಡ್ಡಲು ಸೆರಗಿಲ್ಲ. ಅನಾನಸಿನ ಚಿತ್ರವಿದ್ದ ಒಂದು ಟವೆಲನ್ನು ಸೊಂಟಕ್ಕೆ ಕಟ್ಟಿ ಒಡ್ಡಿಸಿದಳಂತೆ ನಿನ್ನ ಅತ್ತಿ. ಕುಂಕುಮ ಹಚ್ಚಿ ಹೇಳಿದ ಮಾತನ್ನು ನಿನ್ನೆ ಹಾಗೇ ಒಪ್ಪಿಸಿದಳು: "ನಿಮ್ಮವ್ವ ದೂರದಾಗ ಅದಾಳ. ನನಗ ಹೊಟ್ಟ್ಯಾಗ ಹುಟ್ಟಿದ ಮಗಳಿಲ್ಲ. ಇವತ್ತಿನಿಂದ ನೀ ನನ್ನ ಮಗಳು, ಅಫಜಲಪುರ ನಿನ್ನ ತವರು." ಇದನ್ನು ಇಂಗ್ಲಿಷಿನಲ್ಲಿ ತಿಳಿಸಿ ಹೇಳು ಎಂದು ನಿನಗೆ ಹೇಳಿದರೆ ನೀನು ಅರ್ಧ ಹೇಳಿ ನಿಂತುಬಿಟ್ಟೆಯಂತೆ. "ಸಮುದ್ರದ ಗಾಳಿ ಗಂಟಲಿಗಿ ಹಿಡದಿತ್ತು ಅನಸ್ತದ. ನಾ ಜೀರಗಿ ನೀರು ಕುದಿಸಿ ಕ್ವಟ್ಟೆ" ಎಂದಳು ನನ್ನ ಮುಗ್ಧ ಮಗಳು. ನಿಮ್ಮವ್ವ ತಟಕ್ಕನೆ ಮುಖ ಆ ಕಡೆ ತಿರುಗಿಸಿದಳು.

ನಿಮ್ಮಪ್ಪ ಆಗ ಬಾಯಿ ಬಿಟ್ಟ. "ಆತಲ್ಲ ಅಕ್ಕ. ಮಗಳು ಅಂದಿ, ನನ್ನ ಮಗನಿಗಿ ತಂಗಿ ಆದ್ಲು. ಭಾಳ ಛಲೋ ಮಾಡಿದಿ." "ಛಲೋ ಮಾಡಿದ್ರ ಹಲ್ಲು ಯಾಕ ಕಡ್ಯಾಕತ್ತೀಯೋ?" ಎಂದಳು ವತ್ಸಲಾ. ಆಗ ನಿಮ್ಮವ್ವ ತಡೆಯದೆ ಎಲ್ಲ ಹೇಳಿಬಿಟ್ಟಳು, ನೀನು ಫೋನು ಮಾಡಿದ್ದು, ಇವನು ಅಂದದ್ದು, ಆಮೇಲೆ ನೀನು ಮೌನವಾದದ್ದು. ವತ್ಸಲಾ ಹಣೆ ಬಡಿದುಕೊಂಡಳು. "ಅಯ್ಯ ದೇವರ, ನಾ ಏನು ಮಾಡಿಟ್ಟೆ! ಕೂಸು ಬಾಯಿಬಿಟ್ಟು ಹೇಳಾಕ ಬಂದಿರಬೇಕು. ನಾನೇ ಅದರ ಬಾಯಾಗ ಜೀರಗಿ ನೀರು ಹಾಕಿ ಮುಚ್ಚಿದೆ" ಎಂದು ಸೆರಗು ಕಣ್ಣಿಗೆ ಒತ್ತಿಕೊಂಡಳು. ತುಂಬಿದ ಉಡಿಯನ್ನು ಹಿಂದಕ್ಕೆ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಹಾಗೆ ಕೇಳಲು ಅವಳಿಗೆ ಮನಸ್ಸೂ ಇಲ್ಲ. ಒಂದು ಕಡೆ ಈಗಷ್ಟೇ ಸಿಕ್ಕ ಮಗಳು, ಇನ್ನೊಂದು ಕಡೆ ಎತ್ತಿ ಆಡಿಸಿದ, ತಮ್ಮನ ಮನೆಯ ಒಬ್ಬನೇ ಹುಡುಗ. ಇಬ್ಬರ ನಡುವೆ ತಾನೇ ಗೋಡೆ ಕಟ್ಟಿದೆನೆಂದು ಅವಳ ಸಂಕಟ.

ಮದೀನಾಬಿ ಮಾತ್ರ ಕೈಯಲ್ಲಿದ್ದ ಮಾವಿನ ಹೋಳನ್ನು ಅಗಿಯುತ್ತ, "ತಡೀರಿ, ನನಗ ಒಂದು ಬಿಡಿಸಿ ಹೇಳ್ರಿ" ಎಂದಳು. "ವತ್ಸಲಾ ಆ ಹುಡುಗಿಗಿ ಅವ್ವ. ಖರೇ?" ಖರೇ ಎಂದೆವು. "ವತ್ಸಲಾ ಸುಶಾಂತಗ ಏನಾಗಬೇಕು?" ಅತ್ತಿ ಎಂದೆವು. "ಅತ್ತಿ ಮಗಳು ತಂಗಿ ಯಾವಾಗಿಂದ ಆದ್ಲ್ರಿ ಅತುಲಣ್ಣ? ನಿಮ್ಮ ಮಂದ್ಯಾಗ ಅತ್ತಿ ಮಗಳಿಗಿ ತಂಗಿ ಅಂದು ನೋಡ್ರಿ, ಅಕಿ ಕಸಬರಗಿ ತಗೊಂಡು ಬರ್ತಾಳ. ನಮ್ಮಲ್ಲೂ ಅತ್ತಿಗಿ ಫೂಫಿ ಅಂತೀವಿ, ಫೂಫಿ ಮಗಳು ಇದ್ರ ಮೊದಲ ಅಕಿನ್ನ ಕೇಳಿ ತರೋದು."

ವತ್ಸಲಾ ಕಣ್ಣೊರೆಸಿಕೊಂಡಳು, ಸೆರಗು ಸರಿಮಾಡಿಕೊಂಡಳು, ಬೆನ್ನು ನೆಟ್ಟಗೆ ಮಾಡಿ ಕೂತಳು. ಕೂಡುವ ರೀತಿಯೇ ಬದಲಾಯಿತು ನೋಡು, ಹೆಣ್ಣಿನ ಅವ್ವ ಕೂತ ಹಾಗೆ ಕೂತಳು. "ಏ ಅತುಲಾ, ನನಗೊಬ್ಬಾಕಿ ಮಗಳು ಅದಾಳ. ಡಾಕ್ಟರಕಿ ಓದಾಕತ್ತಾಳ. ತವರಿಗಿ ಕೇಳಲಾರದ ಹೊರಗ ಕೊಟ್ಟ್ರ ನಾಳಿ ನೀನೇ ಮುನಿಸ್ಕೋತಿ. ನೀ ಕೇಳ್ತಿಯೋ, ನಾ ಹೊರಗ ವರ ನೋಡ್ಲೋ?" ನಿಮ್ಮಪ್ಪ, "ಅಕ್ಕಾ, ಇದು ಚೇಷ್ಟಿ ಅಲ್ಲ" ಎಂದ. ಆಮೇಲೆ ನಮ್ಮ ಯಾರ ಮುಖವನ್ನೂ ನೋಡದೆ, "ಅವ ಅಲ್ಲೇ ಉಳದುಬಿಟ್ರ? ಆ ಸಮುದ್ರ ಬಿಟ್ಟು ಈ ಬಿಸಲಿಗಿ ಯಾಕ ಬರ್ತಾನ?" ಎಂದ. ಅಲ್ಲಿಯ ತನಕ ನಾನೂ ನಿಮ್ಮಪ್ಪನಿಗೆ ಜಾತಿಯ ಚಿಂತೆ, ಮೀನಿನ ಚಿಂತೆ ಎಂದೇ ತಿಳಿದಿದ್ದೆ. ಅದೂ ಇದ್ದೀತು. ಆದರೆ ಅವನನ್ನು ಒಳಗೇ ಕೊರೆಯುತ್ತಿದ್ದುದು ಇದು. ವತ್ಸಲಾ ಅವನ ಹತ್ತಿರ ಸರಿದು, ಸಣ್ಣವನಿದ್ದಾಗ ಮಾಡುತ್ತಿದ್ದಂತೆ ತಲೆಯ ಮೇಲೆ ಕೈಯಿಟ್ಟು, "ಅವ್ವ ದೂರ ಇದ್ರ ಹ್ಯಾಂಗಿರ್ತದ ಅಂತ ತಿಳದಾಕಿ ಅಕಿ. ನಿನ್ನ ಮಗ ನಿನ್ನ ಮರತ್ರೂ ಅಕಿ ಮರೀಗೊಡಾಂಗಿಲ್ಲ" ಎಂದಳು. ಅವನು ನನ್ನತ್ತ ತಿರುಗಿ, "ಅಪ್ಪಾ, ನೀವು ಹೇಳ್ರಿ" ಎಂದ. ನಾನು, "ಹೆಣ್ಣು ಕೇಳೋದು ನನ್ನ ಕಟ್ಟಿ ಮ್ಯಾಲ ಅಲ್ಲಪ್ಪ, ಹೆಣ್ಣಿನ ಮನಿಗಿ ಹೋಗಿ ಕೇಳಬೇಕು" ಎಂದು ಎದ್ದು ಊಟಕ್ಕೆ ಹೋದೆ.

ಇವತ್ತು ಮುಂಜಾನೆ ಚಹಾಕ್ಕೆ ಮೊದಲೇ ವತ್ಸಲಾ ಚೀಲ ಹಿಡಿದು ನಿಂತಿದ್ದಳು. ಹೆಣ್ಣು ಕೇಳುವವರು ಬರುವ ಮೊದಲು ತಾನು ಮನೆ ಮುಟ್ಟಬೇಕಲ್ಲ! ಗಂಡನಿಗೆ ಫೋನು ಮಾಡಿ, "ಪಡಸಾಲಿ ಹಸನ ಮಾಡ್ರಿ, ಹೆಣ್ಣು ಕೇಳಾಕ ಬರಾಕತ್ತಾರ" ಎಂದಳು. ಆ ಕಡೆಯಿಂದ ಮಾಮಾ "ಯಾವ ಹೆಣ್ಣು ಬೇ?" ಎಂದು ಕೂಗಿದ್ದು ನನಗೆ ಇಲ್ಲಿಗೇ ಕೇಳಿಸಿತು. "ನಮ್ಮ ಮಗಳ್ರಿ. ಬಂದು ಹೇಳ್ತೀನಿ" ಎಂದು ಇಟ್ಟಳು. ಸ್ಟ್ಯಾಂಡಿಗೆ ನಾನೂ ಹೋದೆ. ನೋಡಿದರೆ ನಿಮ್ಮಪ್ಪ ಕಾಲೇಜಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೆಂಗಿನಕಾಯಿ, ಸಕ್ಕರೆ, ಖಣದ ಕೈಚೀಲ ಹಿಡಿದು ನಿಂತಿದ್ದಾನೆ. ಪಕ್ಕದಲ್ಲಿ ನಿಮ್ಮವ್ವ, ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು. ಕಲಬುರಗಿ ಬಸ್ಸು ಬಂತು. ಎಲ್ಲರೂ ಹತ್ತಿರಿ ಎಂದರೆ ವತ್ಸಲಾ ಒಪ್ಪಲಿಲ್ಲ, ಕೇಳುವವರು ಕೊಡುವವರು ಒಂದೇ ಬಸ್ಸಿನಲ್ಲಿ ಕೂತು ಹೋಗುವುದು ಎಲ್ಲಾದರೂ ಉಂಟೇ? ನೀವು ಹಿಂದೆ ಬರುವ ಬಸ್ಸಿಗೆ ಬರ್ರಿ ಎಂದು ತಾನು ಹತ್ತಿ ಕೂತಳು. ಮದೀನಾಬಿ ಗಂಡಿನ ಕಡೆಯವಳಾಗಿ ಬಂದವಳು, ಕಿಟಕಿ ಪಕ್ಕದ ಸೀಟು ಖಾಲಿ ಕಂಡದ್ದೇ ಹೆಣ್ಣಿನ ಕಡೆಯವಳಾಗಿ ಹತ್ತಿಬಿಟ್ಟಳು. ಕಂಡಕ್ಟರ ನನ್ನ ಕೈಕೆಳಗೆ ಕೆಲಸ ಕಲಿತವನು. "ಏನ್ರಿ ಕಾಕಾ, ಅಕ್ಕ ತಮ್ಮ ಬ್ಯಾರೆ ಬ್ಯಾರೆ ಬಸ್ಸಿಗಿ! ಜಗಳ ಆಗ್ಯಾದೇನ್ರಿ?" ಎಂದು ಕೇಳಿದ. "ಜಗಳಲ್ಲ ಮಾರಾಯಾ, ಬೀಗತನ" ಎಂದೆ. ಅವನು ಸೀಟಿ ಊದಿದ, ಬಸ್ಸು ಹೊರಟಿತು.

ಇಷ್ಟೇ ಕಥೆ. ಹೊತ್ತಿಗೆ ಸರಿಯಾಗಿ ಉಣ್ಣು, ಓದು, ಕಣ್ಣಿಗೆ ನಿದ್ದೆ ಕೊಡು. ಆ ಮನೆಯ ಅಜ್ಜಿಗೆ ನರೋಣಾದ ಅಜ್ಜನ ನಮಸ್ಕಾರ ತಿಳಿಸು. ನಿನ್ನ ಆಯುಷ್ಯ ಹೊಲದ ಬದುವಿನ ಬೇವಿನಂತೆ ಬೆಳೆಯಲಿ.

ನಿನ್ನ ಅಜ್ಜ,
ಹರಿ

ತಾ.ಕ.: ಈಗ ದೀಪ ಹಚ್ಚುವ ಹೊತ್ತಿಗೆ ನಿಮ್ಮಪ್ಪ, ನಿಮ್ಮವ್ವ ಅಫಜಲಪುರದಿಂದ ಬಂದರು. ಮಾಮಾ ಹೊಸ ಧೋತರ ಉಟ್ಟು ಕೂತಿದ್ದನಂತೆ, ಉಪ್ಪಿಟ್ಟು ಚಹಾ ಆಯಿತಂತೆ. ನಿಮ್ಮಪ್ಪ ತಲೆ ತಗ್ಗಿಸಿ ಕೇಳಿದನಂತೆ. ನಿನ್ನ ಅತ್ತಿ ಕೊಟ್ಟ ಜವಾಬು ಇದು: "ಮಗಳ ಮನಸ್ಸು ಕೇಳಲಾರದ, ಅಕಿನ್ನ ಹಡದವ್ವನ ಕೇಳಲಾರದ ನಾ ಮಾತು ಕೊಡಾಂಗಿಲ್ಲ." ಇದನ್ನು ಹೇಳುತ್ತ ಹೇಳುತ್ತ ನಿಮ್ಮವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. "ಮಾವಾರ, ಸುಶಾಂತ ತನಗ ಅಕಿ ಇಷ್ಟ ಅಂದ. ಅಕಿಗಿ ತಾ ಇಷ್ಟ ಅಂತ ಅನ್ನಲೇ ಇಲ್ಲಲ್ರಿ!" ಲೇ ಸುಶಾಂತಾ, ಎರಡು ಬಸ್ಸು ತುಂಬ ಮಂದಿ ಓಡಾಡಿ ಬಂದರು, ನೀನು ಆ ಹುಡುಗಿಗೆ ಹೇಳಿದ್ದೀಯೋ ಇಲ್ಲವೋ? ಇಲ್ಲವಾದರೆ ಈ ಕಾಗದ ಮಡಚುವ ಮೊದಲು ಎದ್ದು ಹೋಗಿ ಹೇಳು. ಹೂಂ ಅಂದರೆ ಸುದ್ದಿಯನ್ನು ಮೊದಲು ಅಫಜಲಪುರಕ್ಕೆ ಮುಟ್ಟಿಸು, ನಮಗಲ್ಲ. ಊಹೂಂ ಅಂದರೆ ಅವಳನ್ನು ಕಾಡಬೇಡ, ಮುಖ ಸಣ್ಣ ಮಾಡಬೇಡ. ನಾಗರಪಂಚಮಿಗೆ ಅವಳ ತವರು ಅಫಜಲಪುರದವರು ಅವಳನ್ನು ಹೇಗೂ ಕರೆಸುತ್ತಾರೆ. ವಿಮಾನ ಹತ್ತಿಸಿ ಕರೆತರುವವನು ಮಾತ್ರ ನೀನೇ.